ಮಾತಿನ ಮಲ್ಲಿಯ ಕಿವಿ

ನಮ್ಮ ನಾಲ್ಕು ವರ್ಷದ ಮಗಳನ್ನು ಬಂಧುಬಳಗವೆಲ್ಲ ಮಾತಿನ ಮಲ್ಲಿಯೆಂದೇ ಕರೆಯುವುದು. ಕೆಂಪಾಪುರದ ನಮ್ಮ ಮನೆಯಿಂದ ಮಕ್ಕಳ ವೈದ್ಯರಲ್ಲಿಗೆ ಹತ್ತು ನಿಮಿಷದ ಹಾದಿ. ಅಷ್ಟರೊಳಗೆ ಎಳನೀರಿನವನ ಮಚ್ಚು, ಹೆಬ್ಬಾಳದ ಮೇಲುಸೇತುವೆಯತ್ತ ತೆವಳುವ ಬಸ್ಸುಗಳು, ಕೆರೆಯ ಕಡೆಗೆ ಹಾರಿದ ಕೊಕ್ಕರೆ, ಒಂದನ್ನೂ ಬಿಡದೆ ವ್ಯಾಖ್ಯಾನ ಮಾಡಿದಳು. ಗಂಟೆಗಟ್ಟಲೆ ಪಾಠ ಹೇಳುವವನ ಮಗಳಲ್ಲವೇ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಹೋದದ್ದು ಸಾಮಾನ್ಯ ತಪಾಸಣೆಗೆ. ವೈದ್ಯರು ತೂಕ ನೋಡಿದರು, ಎತ್ತರ ಅಳೆದರು, ಎದೆಗೆ ಸ್ಟೆತಾಸ್ಕೋಪು ಇಟ್ಟರು. ಅವಳ ಮಾತು ನಿಲ್ಲಲಿಲ್ಲ. ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವನು ನಾನು. ಅವಳು ಅದರ ಪರಿವೆಯಿಲ್ಲದೆ ಕೊಕ್ಕರೆಯ ಕಥೆಯಲ್ಲಿದ್ದಳು.

"ಸ್ವಲ್ಪ ನೀವು ಸುಮ್ಮನಿರಿ, ಮೇಷ್ಟ್ರೇ" ಎಂದು ನಕ್ಕು, ವೈದ್ಯರು ಎದ್ದುಹೋಗಿ ಅವಳ ಬೆನ್ನ ಹಿಂದೆ ನಿಂತರು. "ಪುಟ್ಟಿ, ಮಿಠಾಯಿ ಬೇಕೇನಮ್ಮ?" ಎಂದು ಮೆಲುದನಿಯಲ್ಲಿ ಕೇಳಿದರು. ಕಥೆ ಸಾಗಿತು. ಮತ್ತೊಮ್ಮೆ ಕೇಳಿದರು. ಮಿಠಾಯಿಯೆಂದರೆ ನಿದ್ದೆಯಿಂದೇಳುವ ಹುಡುಗಿ ತಿರುಗಿಯೂ ನೋಡಲಿಲ್ಲ.

ಕಿವಿಗಳೊಳಗೆ ಬೆಳಕು ಬಿಟ್ಟು ನೋಡಿದ ಮೇಲೆ ಅವರು ವಿವರಿಸಿದರು. ಮೂಗಿನ ಹಿಂಭಾಗದಿಂದ ನಡುಗಿವಿಗೆ ಗಾಳಿ ಒಯ್ಯುವ ನಾಳ ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಲಾಗಿಯೇ ಇರುವಂಥದು. ನೆಗಡಿಯಲ್ಲಿ ಅದು ಕಟ್ಟಿಕೊಂಡರೆ ಕಿವಿಯ ತಮಟೆಯ ಹಿಂದೆ ನೀರು ನಿಲ್ಲುತ್ತದೆ. ಎಷ್ಟೋ ಸಲ ನೋವೂ ಇಲ್ಲ, ಜ್ವರವೂ ಇಲ್ಲ. ಕೇಳುವುದು ಮಾತ್ರ ಮಂದ. ಬಹುಪಾಲು ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಇಳಿಯುವುದಂತೆ. ಇಳಿಯದಿದ್ದರೆ ತಮಟೆಯಲ್ಲಿ ಪುಟ್ಟ ಕೊಳವೆಯಿಡುವುದೂ ಉಂಟಂತೆ. ಹೀಗಾದಾಗ ಕೆಲವು ಮಕ್ಕಳು ಮಂಕಾಗುತ್ತಾರೆ. ಕೆಲವರು ತಾವೇ ಮಾತಾಡುತ್ತ ಹೋಗುತ್ತಾರೆ. ಆಗ ಇತರರದನ್ನು ಕೇಳುವ ಗೋಜಿಲ್ಲ.

ಕರೆದರೆ ಬಾರದಿದ್ದಾಗ ಹಟವೆಂದು ಗದರಿದ್ದೆ. ಒಮ್ಮೆ ಕೈಯನ್ನೂ ಎತ್ತಿದ್ದೆ. ಪಂಡಿತನನ್ನು ಬಹುಶ್ರುತನೆನ್ನುವುದೇಕೆಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ವಿವರಿಸುವವನು ನಾನು! ಮೈಸೂರಿನಲ್ಲಿ 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎರಡನ್ನೂ ಒಂದೇ ಹೆಸರಿನಲ್ಲಿ ಜೋಡಿಸಿಕೊಂಡಿದೆ, ಎಂ.ಎ. ಓದುವಾಗ ಅದರ ಫಲಕವನ್ನು ಎಷ್ಟು ಸಲ ನೋಡಿ ಮುಂದೆ ನಡೆದಿದ್ದೆನೋ.

ಮೂರು ತಿಂಗಳಿಗೆ ಮತ್ತೆ ಬರಹೇಳಿದರು. ಅಲ್ಲಿಯವರೆಗೆ ಎದುರು ನಿಂತು, ಮುಖ ನೋಡಿ ಮಾತಾಡಬೇಕು.

ಹಿಂತಿರುಗುವಾಗ ಬೀದಿಯ ಬದಿಯಲ್ಲೇ ಕುಕ್ಕುರುಗಾಲಲ್ಲಿ ಕುಳಿತು, ಅವಳ ಮುಖ ನೋಡುತ್ತ, ಕೊಕ್ಕರೆ ಆಮೇಲೆ ಎಲ್ಲಿಗೆ ಹೋಯಿತೆಂದು ವಿಚಾರಿಸಿದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ಆಗ್ಲೇ ಹೇಳಿದ್ನಲ್ಲಪ್ಪಾ. ನಿಂಗೆ ಕೇಳಿಸ್ಲಿಲ್ವಾ?"