ಪಾಪೆ ಹಿಗ್ಗಿಸುವ ಕಣ್ಣಿನ ಹನಿ: ಎಚ್ಚರವಿರಲಿ

ಪೋತ್ನಾಳದಿಂದ ರಾಯಚೂರಿಗೆ ಕಣ್ಣು ತೋರಿಸಲು ಹೋದವರಿಗೆ ವೈದ್ಯರು ಕೆಲವೊಮ್ಮೆ ಹನಿ ಔಷಧಿ ಹಾಕಿ ಅರ್ಧ ಗಂಟೆ ಕೂರಿಸುತ್ತಾರೆ. ಪಾಪೆ ಹಿಗ್ಗಿದರೆ ಕಣ್ಣಿನ ಒಳಪದರ ಚೆನ್ನಾಗಿ ಕಾಣುತ್ತದೆ.

ಟ್ರೋಪಿಕಮೈಡ್ ಹನಿಯ ಪರಿಣಾಮ ಸಾಮಾನ್ಯವಾಗಿ 4ರಿಂದ 8 ಗಂಟೆಗಳಲ್ಲಿ ಇಳಿಯುತ್ತದೆ. ಅಟ್ರೋಪಿನ್‌ನದು 1ರಿಂದ 2 ವಾರ ಉಳಿಯಬಹುದು. ಅಲ್ಲಿಯವರೆಗೆ ಹತ್ತಿರದ ಅಕ್ಷರ ಮಂಜಾಗುತ್ತದೆ, ಬಿಸಿಲು ಕಣ್ಣು ಕುಕ್ಕುತ್ತದೆ. ಆದ್ದರಿಂದ ಬೈಕಿನಲ್ಲಿ ಹೋಗಬೇಡಿ. ಜೊತೆಗೊಬ್ಬರನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಿ ಬನ್ನಿ.

ಮಗುವಿಗೆ ಮನೆಯಲ್ಲಿ ಹಾಕಲು ಅಟ್ರೋಪಿನ್ ಬರೆದುಕೊಟ್ಟಿದ್ದರೆ ಹೇಳಿದಷ್ಟೇ ಹನಿ ಹಾಕಿ. ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು 2 ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಔಷಧಿ ಮೂಗಿಗಿಳಿದು ರಕ್ತ ಸೇರುವುದು ಇದರಿಂದ ಕಡಿಮೆಯಾಗುತ್ತದೆ. ನಂತರ ಕೈ ತೊಳೆಯಿರಿ. ಮುಖ ಕೆಂಪಾಗಿ, ಬಾಯಿ ಒಣಗಿ, ಜ್ವರ ಬಂದು ಮಗು ಬಡಬಡಿಸಿದರೆ ಔಷಧಿ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊಲದ ಬದುವಿನ ದತ್ತೂರಿ ಗಿಡದಲ್ಲೂ ಅಟ್ರೋಪಿನ್ ಇದೆ. ಅದನ್ನು ಕಿತ್ತ ಕೈಯಿಂದ ಕಣ್ಣು ಉಜ್ಜಿದರೂ ಪಾಪೆ ಹಿಗ್ಗೀತು.

ಗ್ಲಾಕೋಮಾ ಇರುವವರು ಹನಿ ಹಾಕುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಹನಿ ಹಾಕಿದ ಮೇಲೆ ಕಣ್ಣು ಕೆಂಪಾಗಿ ವಿಪರೀತ ನೋವು, ತಲೆನೋವು, ವಾಂತಿ ಬಂದರೆ ಕಣ್ಣಿನ ಒತ್ತಡ ಏರಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ದೃಷ್ಟಿಯೇ ಹೋದೀತು. ಉಳಿದ ಔಷಧಿಯನ್ನು ಮನೆಯ ಬೇರೆಯವರ ಕಣ್ಣಿಗೆ ಹಾಕಲೇಬಾರದು.