ಇಕ್ಕಟ್ಟಿನಲ್ಲಿ ನೀರಿಗೇಕೆ ರಭಸ?

ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಬಂಡೆಗಳ ನಡುವೆ ಹರಿಯುತ್ತದೆ. ಅಲ್ಲಿನ ವಹ್ನಿಪುಷ್ಕರಿಣಿಯ ಮೀನುಗಳಿಗೆ ಜನ ಪುರಿ ಎರಚುತ್ತಾರೆ. ಹೊಳೆಯಲ್ಲಿ ತೇಲುವ ಪುರಿಯನ್ನು ಗಮನಿಸಿ. ಅಗಲವಾದ ಕಡೆ ಅದು ನಿಧಾನವಾಗಿ ಸಾಗುತ್ತದೆ. ಬಂಡೆಗಳ ಇಕ್ಕಟ್ಟಿನಲ್ಲಿ ಧಾವಿಸುತ್ತದೆ. ಏಕೆ?

ಸೆಕೆಂಡಿಗೆ ಎಷ್ಟು ನೀರು ಇಕ್ಕಟ್ಟಿನೊಳಕ್ಕೆ ಬರುವುದೋ ಅಷ್ಟೇ ಹೊರಕ್ಕೆ ಹೋಗಬೇಕು. ಆದ್ದರಿಂದ ಹರಿವಿನ ಅಡ್ಡಕೊಯ್ತದ ವಿಸ್ತೀರ್ಣ ಮೂರನೇ ಒಂದು ಭಾಗಕ್ಕೆ ಇಳಿದರೆ ವೇಗ ಮೂರು ಪಟ್ಟಾಗುತ್ತದೆ.

'ಇಕ್ಕಟ್ಟಿನಲ್ಲಿ ಒತ್ತಡ ಹೆಚ್ಚು, ಆದ್ದರಿಂದ ವೇಗವೂ ಹೆಚ್ಚು' ಎಂದು ಅನೇಕ ವಿದ್ಯಾರ್ಥಿಗಳು ಉತ್ತರಿಸುತ್ತಾರೆ. ಇದು ತಪ್ಪು. ನೀರಿನ ವೇಗ ಹೆಚ್ಚಬೇಕಾದರೆ ಅದನ್ನು ಹಿಂದಿನಿಂದ ತಳ್ಳುವ ಒತ್ತಡ ಮುಂದಿನ ಒತ್ತಡಕ್ಕಿಂತ ಹೆಚ್ಚಿರಬೇಕು. ಎಂದರೆ, ಸಮತಲದ ಕೊಳವೆಯ ಕಿರಿದಾದ ಭಾಗದಲ್ಲಿ ಒತ್ತಡ ಕಡಿಮೆ! ಡೇನಿಯಲ್ ಬರ್ನೌಲಿ 1738ರಲ್ಲಿ ಪ್ರಕಟಿಸಿದ ಗ್ರಂಥದ ತಿರುಳು ಇದು. ವೇಗ ಸೆಕೆಂಡಿಗೆ 1 ಮೀಟರಿನಿಂದ 3 ಮೀಟರಿಗೆ ಏರಿದರೆ, ಘರ್ಷಣೆಯನ್ನು ಕಡೆಗಣಿಸಿದಾಗ, ಒತ್ತಡ 4,000 ಪಾಸ್ಕಲ್ ಇಳಿಯುತ್ತದೆ. ಇದು ಸುಮಾರು 40 ಸೆಂ.ಮೀ. ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ.

ಹೊಳೆಗೆ ಮುಚ್ಚಳವಿಲ್ಲ, ಮೇಲ್ಮೈಯಲ್ಲಿ ಎಲ್ಲೆಡೆ ವಾಯುಮಂಡಲದ ಒತ್ತಡವೇ. ಆದ್ದರಿಂದ ಅಲ್ಲಿ ನೀರಿನ ಮಟ್ಟವೇ ಅಷ್ಟು ಇಳಿಯುತ್ತದೆ.

ಹಾಗಾದರೆ ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ನೀರು ದೂರ ಚಿಮ್ಮುವುದೇಕೆ? ಬಾಯಿ ಪೂರ್ತಿ ತೆರೆದಿದ್ದಾಗ ಒತ್ತಡದ ಬಹುಪಾಲು ಉದ್ದನೆಯ ಪೈಪಿನ ಘರ್ಷಣೆಯಲ್ಲೇ ಖರ್ಚಾಗುತ್ತದೆ. ಬೆರಳು ಅಡ್ಡವಿಟ್ಟರೆ ಹರಿವು ತಗ್ಗಿ ಘರ್ಷಣೆಯ ನಷ್ಟವೂ ತಗ್ಗುತ್ತದೆ. ಬೆರಳಿನ ಹಿಂದೆ ಉಳಿದ ಒತ್ತಡ ಕಿಂಡಿಯಲ್ಲಿ ವೇಗವಾಗಿ ಮಾರ್ಪಡುತ್ತದೆ. ಪೂರ್ತಿ ಮುಚ್ಚಿದರೆ ಒತ್ತಡ ಗರಿಷ್ಠ, ವೇಗ ಸೊನ್ನೆ! ನೀರನ್ನು ಓಡಿಸುವುದು ಒತ್ತಡವಲ್ಲ, ಒತ್ತಡದ ವ್ಯತ್ಯಾಸ.

ತರಗತಿಯಲ್ಲಿ ಮಾಡಿ ನೋಡಿ: ಪ್ಲಾಸ್ಟಿಕ್ ಬಾಟಲಿಗೆ ನೀರಿನ ಮಟ್ಟದಿಂದ 5 ಮತ್ತು 20 ಸೆಂ.ಮೀ. ಕೆಳಗೆ ತೂತು ಮಾಡಿ. ಲೆಕ್ಕದ ಪ್ರಕಾರ ನೀರು ಸೆಕೆಂಡಿಗೆ ಸುಮಾರು 1 ಮತ್ತು 2 ಮೀಟರ್ ವೇಗದಲ್ಲಿ ಹೊರಬೀಳಬೇಕು. ಒತ್ತಡ ನಾಲ್ಕು ಪಟ್ಟಾದರೆ ವೇಗ ಎರಡೇ ಪಟ್ಟು.

ಈ ವರ್ಗದ ನಿಯಮ ಹೊಳೆಗಿಳಿಯುವವರ ಪ್ರಾಣಕ್ಕೆ ಸಂಬಂಧಿಸಿದ್ದು. ನೀರು ಕಾಲನ್ನು ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣ. ಮೂರು ಪಟ್ಟು ವೇಗದ ಇಕ್ಕಟ್ಟಿನಲ್ಲಿ ಅದು ಒಂಬತ್ತು ಪಟ್ಟು. ಮಡುವಿನಲ್ಲಿ ನಿಂತವರಿಗೆ ಇದರ ಸುಳಿವೇ ಸಿಗದು. ಮಳೆಗಾಲದಲ್ಲಂತೂ ಮೇಲ್ಭಾಗದ ಹಾರಂಗಿ ಜಲಾಶಯದಿಂದ ಬಿಟ್ಟ ನೀರೂ ಸೇರುತ್ತದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕರು ಈ ಲೆಕ್ಕವನ್ನು ದಡದಲ್ಲೇ ಹೇಳಿಕೊಡಲಿ.