ಸರಕು ಲಿಫ್ಟಿಗೆ ವೇಗ ನಿಯಂತ್ರಕ ಡ್ರೈವ್: ಖರೀದಿ, ಹೊಂದಾಣಿಕೆ ಮತ್ತು ಲೆಕ್ಕ

ಹಿರೇಕೆರೂರು ತಾಲೂಕಿನ ಚಿಕ್ಕೇರೂರು ಮತ್ತು ಹಾನಗಲ್ಲ, ಶಿಗ್ಗಾಂವಿ, ಸವಣೂರು ಭಾಗಗಳಲ್ಲಿ ಮೆಕ್ಕೆಜೋಳ ಹಾಗೂ ಹತ್ತಿಯ ವಹಿವಾಟನ್ನು ನಂಬಿದ ವ್ಯಾಪಾರಸ್ಥರು ಅನೇಕರು. ಇವರ ಪಾಲಿಗೆ ‘ಎಲಿವೇಟರ್’ ಎಂಬ ಪದವು ಎರಡು ಯಂತ್ರಗಳನ್ನು ಸೂಚಿಸುತ್ತದೆ. ಕಾಳನ್ನು ಮೇಲಕ್ಕೆ ಒಯ್ಯುವ ಬಕೆಟ್ ಎಲಿವೇಟರ್ ಒಂದು. ಮೂಟೆಗಳನ್ನು ಮಹಡಿಗೆ ಏರಿಸಿ ಇಳಿಸುವ ಸರಕು ಲಿಫ್ಟ್ ಇನ್ನೊಂದು. ಎರಡನ್ನೂ ನಡೆಸುವುದು ಸಾಮಾನ್ಯವಾಗಿ ತ್ರೀಫೇಸ್ ಇಂಡಕ್ಷನ್ ಮೋಟಾರೇ. ಆದುದರಿಂದ ಒಂದಕ್ಕೆ ಒಗ್ಗಿದ ಡ್ರೈವ್ ಇನ್ನೊಂದಕ್ಕೂ ಒಗ್ಗುವುದೆಂಬ ಭಾವನೆ ಸಹಜ. ಆದರೆ ಕಾಳಿನ ಎಲಿವೇಟರಿನಲ್ಲಿ ಮೋಟಾರು ಸದಾ ಭಾರವನ್ನು ಎಳೆಯುತ್ತದೆ. ಲಿಫ್ಟಿನಲ್ಲಿ ಎಷ್ಟೋ ಬಾರಿ ಭಾರವೇ ಮೋಟಾರನ್ನು ಎಳೆಯುತ್ತದೆ. ಈ ಭೇದವನ್ನು ಅರಿಯದೆ ಮಾಡಿದ ಹೊಂದಾಣಿಕೆಯಿಂದ ಹಣವಷ್ಟೇ ಅಲ್ಲ, ಕಾರ್ಮಿಕರ ಜೀವವೂ ಅಪಾಯಕ್ಕೆ ಸಿಲುಕಬಹುದು.

ಡ್ರೈವ್ ಮಾಡುವ ಕೆಲಸ

ನಾಲ್ಕು ಪೋಲಿನ ಮೋಟಾರಿನ ಕಾಂತಕ್ಷೇತ್ರವು 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ; ಪೂರ್ಣಭಾರದಲ್ಲಿ ಮೋಟಾರಿನ ವೇಗ ಸುಮಾರು 1440. ಡ್ರೈವು ಬರುವ ವಿದ್ಯುತ್ತನ್ನು ಮೊದಲು ಡಿ.ಸಿ.ಯಾಗಿಯೂ ಬಳಿಕ ಬೇಕಾದ ಆವರ್ತನದ ಎ.ಸಿ.ಯಾಗಿಯೂ ಪರಿವರ್ತಿಸುತ್ತದೆ. ಆವರ್ತನದೊಡನೆ ವೋಲ್ಟೇಜನ್ನೂ ಹೊಂದಿಸುವುದರಿಂದ ಮೋಟಾರು ಮೆಲ್ಲನೆ ಹೊರಟು, ವೇಗ ಪಡೆದು, ಮೆಲ್ಲನೆ ನಿಲ್ಲುತ್ತದೆ. ಹಳೆಯ ಎರಡು ವೇಗದ ಲಿಫ್ಟುಗಳಲ್ಲಿ ಈ ಕೆಲಸವನ್ನು ಕಾಂಟ್ಯಾಕ್ಟರುಗಳೂ ಬ್ರೇಕೂ ಧಕ್ಕೆಯೊಡನೆ ನೆರವೇರಿಸುತ್ತಿದ್ದವು.

ಒಂದು ಮಾದರಿ ಲೆಕ್ಕ

1000 ಕಿಲೋಗ್ರಾಂ ಸಾಮರ್ಥ್ಯದ, ಸೆಕೆಂಡಿಗೆ ಅರ್ಧ ಮೀಟರ್ ವೇಗದ ಸರಕು ಲಿಫ್ಟೊಂದನ್ನು ಪರಿಗಣಿಸೋಣ. ಎದುರುತೂಕವು ಕ್ಯಾಬಿನ್ನಿನ ತೂಕ ಮತ್ತು ಅರ್ಧ ಸರಕಿನ ತೂಕಕ್ಕೆ ಸಮನಾಗಿದ್ದರೆ, ಪೂರ್ಣಭಾರದಲ್ಲಿ ಮೋಟಾರು ಎತ್ತಬೇಕಾದುದು 500 ಕಿಲೋಗ್ರಾಂ ಮಾತ್ರ. ಅದಕ್ಕೆ ಬೇಕಾಗುವ ಶಕ್ತಿ ಸುಮಾರು 2.45 ಕಿಲೋವ್ಯಾಟ್. ವರ್ಮ್ ಗೇರ್ ಮುಂತಾದವುಗಳ ದಕ್ಷತೆ ಶೇಕಡ 60 ಎಂದು ಹಿಡಿದರೆ 4.1 ಕಿಲೋವ್ಯಾಟ್ ಆಗುತ್ತದೆ, 5.5 ಕಿಲೋವ್ಯಾಟ್, ಅಂದರೆ ಏಳೂವರೆ ಅಶ್ವಶಕ್ತಿಯ ಮೋಟಾರು ಸಾಕು.

ಈ ಲಿಫ್ಟು ದಿನಕ್ಕೆ 100 ಬಾರಿ, ಪ್ರತಿ ಬಾರಿ 30 ಸೆಕೆಂಡು ಓಡಿದರೆ ಒಟ್ಟು ಓಟ 50 ನಿಮಿಷ. ಸರಾಸರಿ 3 ಕಿಲೋವ್ಯಾಟ್ ಎಂದರೆ ದಿನಕ್ಕೆ ಎರಡೂವರೆ ಯೂನಿಟ್, 26 ದಿನಗಳ ತಿಂಗಳಿಗೆ 65 ಯೂನಿಟ್. ಡ್ರೈವಿನಿಂದ ಮೂರನೇ ಒಂದು ಪಾಲು ಉಳಿಯಿತೆಂದೇ ಇಟ್ಟುಕೊಂಡರೂ ಉಳಿತಾಯ 22 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ ಲೆಕ್ಕ ಹಾಕಿದರೆ ತಿಂಗಳಿಗೆ 176 ರೂಪಾಯಿ. ವಿದ್ಯುತ್ ಬಿಲ್ಲಿನ ಉಳಿತಾಯದಿಂದಲೇ ಡ್ರೈವಿನ ಬೆಲೆ ಬೇಗನೆ ಹಿಂದಿರುಗುವುದೆಂಬ ಮಾತು ಇಂತಹ ಲಿಫ್ಟಿನಲ್ಲಿ ನಿಲ್ಲುವುದಿಲ್ಲ. ಆರಂಭದ ವಿದ್ಯುತ್ ಪ್ರವಾಹ ತಗ್ಗಿದರೆ ಡಿಮ್ಯಾಂಡ್ ಶುಲ್ಕವೂ ಇಳಿಯುವುದೆಂಬ ವಾದವೂ ದುರ್ಬಲವೇ. ಗರಿಷ್ಠ ಬೇಡಿಕೆಯನ್ನು 15 ನಿಮಿಷಗಳ ಅವಧಿಗೆ ಅಳೆಯುವುದರಿಂದ ಒಂದೆರಡು ಸೆಕೆಂಡುಗಳ ಏರಿಕೆ ಅದರಲ್ಲಿ ಹೆಚ್ಚಾಗಿ ಕಾಣಿಸುವುದಿಲ್ಲ.

ಹಾಗಾದರೆ ಲಾಭ ಎಲ್ಲಿದೆ? ಮೊದಲನೆಯದು ಜನರೇಟರಿನಲ್ಲಿ. ಮೇಲಿನ ಮೋಟಾರಿನ ಪೂರ್ಣಭಾರದ ಪ್ರವಾಹ ಸುಮಾರು 11 ಆಂಪಿಯರ್. ನೇರವಾಗಿ ಚಾಲೂ ಮಾಡಿದರೆ ಅದು ಆರು ಪಟ್ಟು, ಅಂದರೆ 66 ಆಂಪಿಯರಿಗೆ ಏರಿ, ಆ ಕ್ಷಣಕ್ಕೆ 47 ಕೆ.ವಿ.ಎ. ಬೇಡುತ್ತದೆ. ಡ್ರೈವ್ ಇದ್ದಲ್ಲಿ ಈ ಜಿಗಿತವಿಲ್ಲವಾದುದರಿಂದ ಬಹಳ ಚಿಕ್ಕ ಜನರೇಟರ್ ಸಾಕಾಗುತ್ತದೆ. ಹಾರ್ಮೋನಿಕ್ಸ್ ದೃಷ್ಟಿಯಿಂದ ಸ್ವಲ್ಪ ಹೆಚ್ಚಿನ ಸಾಮರ್ಥ್ಯವನ್ನು ಇರಿಸಿಕೊಳ್ಳಬೇಕಷ್ಟೆ. ಎರಡನೆಯದು, ಬ್ರೇಕಿನ ಪಟ್ಟಿ, ಕಾಂಟ್ಯಾಕ್ಟರ್, ಗೇರು ಮತ್ತು ಹಗ್ಗಗಳ ಸವೆತ ತಗ್ಗುತ್ತದೆ. ಮೂರನೆಯದು ಹಾಗೂ ಮುಖ್ಯವಾದುದು, ಕ್ಯಾಬಿನ್ ಮಹಡಿಯ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತದೆ. ಒಂದೆರಡು ಅಂಗುಲ ಮೇಲೆ ಕೆಳಗೆ ನಿಂತ ಲಿಫ್ಟಿನಿಂದ ಕೈಗಾಡಿ ಎಳೆಯುವ ಹಮಾಲರ ಕಾಲಿಗೂ ಬೆನ್ನಿಗೂ ಆಗುವ ಪೆಟ್ಟನ್ನು ಯಾವ ಬಿಲ್ಲೂ ತೋರಿಸುವುದಿಲ್ಲ. ಆದರೆ ಈ ಮೂರು ಲಾಭಗಳೂ ದೊರೆಯುವುದು ಹೊಂದಾಣಿಕೆ ಸರಿಯಾಗಿದ್ದಲ್ಲಿ ಮಾತ್ರ.

ಹೊಂದಾಣಿಕೆಯ ಹಂತಗಳು

ಮೊದಲಿಗೆ ಮೋಟಾರಿನ ನಾಮಫಲಕದಲ್ಲಿರುವ ವೋಲ್ಟೇಜ್, ಪ್ರವಾಹ, ಆವರ್ತನ, ವೇಗ ಮತ್ತು ಕಿಲೋವ್ಯಾಟ್‌ಗಳನ್ನು ಡ್ರೈವಿಗೆ ಯಥಾವತ್ತಾಗಿ ತಿಳಿಸಬೇಕು. ರೀವೈಂಡ್ ಆದ ಮೋಟಾರಿನಲ್ಲಿ ಫಲಕವನ್ನು ಪೂರ್ಣವಾಗಿ ನಂಬಲಾಗದು. ಪ್ರವಾಹವನ್ನು ಅಳೆದು ನೋಡುವುದು ಕ್ಷೇಮ. ಎರಡು ವೇಗದ ಹಳೆಯ ಮೋಟಾರಾದರೆ ಹೆಚ್ಚಿನ ವೇಗದ ಸುರುಳಿಯನ್ನು ಮಾತ್ರ ಜೋಡಿಸಿ, ಇನ್ನೊಂದನ್ನು ಮುಟ್ಟದೆ ಬಿಡಬೇಕು. ನಮ್ಮ ಸಣ್ಣ ಉದ್ದಿಮೆಗಳಲ್ಲಿ ಪವರ್ ಫ್ಯಾಕ್ಟರಿಗಾಗಿ ಮೋಟಾರಿನ ತುದಿಗೇ ಕೆಪಾಸಿಟರ್ ಕಟ್ಟುವ ರೂಢಿಯಿದೆ. ಡ್ರೈವ್ ಹಾಕುವ ಮುನ್ನ ಅದನ್ನು ಕಳಚಲೇಬೇಕು. ಇಲ್ಲವಾದರೆ ಡ್ರೈವ್ ಸುಟ್ಟುಹೋಗುವ ಸಂಭವವುಂಟು.

ನಂತರದ್ದು ಆಟೋಟ್ಯೂನಿಂಗ್, ಅಂದರೆ ಡ್ರೈವು ಮೋಟಾರಿನ ಗುಣವನ್ನು ತಾನೇ ಅಳೆದುಕೊಳ್ಳುವ ಕ್ರಮ. ಮೋಟಾರನ್ನು ತಿರುಗಿಸಿ ಅಳೆಯುವ ವಿಧಾನಕ್ಕೆ ಹಗ್ಗದ ಭಾರವನ್ನು ಕಳಚಿರಬೇಕು. ಅದು ಸಾಧ್ಯವಿಲ್ಲದಲ್ಲಿ ಬ್ರೇಕ್ ಹಿಡಿದಿರುವಾಗಲೇ, ಮೋಟಾರನ್ನು ತಿರುಗಿಸದೆ ಅಳೆಯುವ ವಿಧಾನವನ್ನು ಆರಿಸಬೇಕು.

ಅತಿ ಸೂಕ್ಷ್ಮವಾದ ಹಂತವೆಂದರೆ ಬ್ರೇಕಿನ ಕಾಲಕ್ರಮ. ಮೋಟಾರು ಭಾರವನ್ನು ಹಿಡಿಯುವಷ್ಟು ಬಲ ಪಡೆದ ಮೇಲೆಯೇ ಬ್ರೇಕ್ ಬಿಡಬೇಕು. ನಿಲ್ಲುವಾಗ ವೇಗ ಶೂನ್ಯವಾಗಿ, ಬ್ರೇಕ್ ಪೂರ್ತಿ ಹಿಡಿದ ಮೇಲೆಯೇ ಮೋಟಾರಿನ ಪ್ರವಾಹ ನಿಲ್ಲಬೇಕು. ಈ ಕ್ರಮ ಸೆಕೆಂಡಿನ ಒಂದು ಅಂಶದಷ್ಟು ತಪ್ಪಿದರೂ ತುಂಬಿದ ಕ್ಯಾಬಿನ್ ಒಮ್ಮೆ ಕೆಳಕ್ಕೆ ಜಾರುತ್ತದೆ. ವೇಗವು ಏಕಾಏಕಿ ಏರದೆ ತಗ್ಗದೆ ಇರಲು ಎಸ್ ಆಕಾರದ ರೇಖೆಯನ್ನೂ, ಮಟ್ಟಕ್ಕೆ ಬರುವಾಗಿನ ನಿಧಾನಗತಿಯನ್ನೂ ಖಾಲಿ, ಅರ್ಧ ಮತ್ತು ಪೂರ್ಣಭಾರ ಮೂರರಲ್ಲಿಯೂ ಪರೀಕ್ಷಿಸಿ ನಿಗದಿಪಡಿಸಬೇಕು. ಖಾಲಿ ಕ್ಯಾಬಿನ್ನಿನಲ್ಲಿ ಮಾತ್ರ ನೋಡಿ ‘ಸರಿಯಾಗಿದೆ’ ಎನ್ನುವುದು ಪರೀಕ್ಷೆಯಲ್ಲ.

ತುಂಬಿದ ಕ್ಯಾಬಿನ್ ಇಳಿಯುವಾಗ ಅಥವಾ ಖಾಲಿ ಕ್ಯಾಬಿನ್ ಏರುವಾಗ ಮೋಟಾರು ಜನರೇಟರಿನಂತೆ ವಿದ್ಯುತ್ತನ್ನು ಹಿಂದಕ್ಕೆ ಕಳುಹಿಸುತ್ತದೆ. 415 ವೋಲ್ಟ್ ಪೂರೈಕೆಯಲ್ಲಿ ಡ್ರೈವಿನೊಳಗಿನ ಡಿ.ಸಿ. ವೋಲ್ಟೇಜ್ ಸುಮಾರು 587. ಹಿಂದಿರುಗಿದ ವಿದ್ಯುತ್ತಿನಿಂದ ಅದು ಇನ್ನೂ ಏರುತ್ತದೆ. ಈ ಹೆಚ್ಚುವರಿಯನ್ನು ಶಾಖವಾಗಿ ಕಳೆಯಲು ಬ್ರೇಕಿಂಗ್ ರೆಸಿಸ್ಟರ್ ಬೇಕು. ಅದಿಲ್ಲದಿದ್ದರೆ ಡ್ರೈವ್ ಟ್ರಿಪ್ ಆಗಿ ಲಿಫ್ಟು ನಡುವೆಯೇ ನಿಲ್ಲುತ್ತದೆ. ರೆಸಿಸ್ಟರ್ ಬಹಳ ಕಾಯುವುದರಿಂದ ಹತ್ತಿಯ ನಾರು ಹಾರಾಡುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಅದರ ಸ್ಥಾನ ಬೆಂಕಿಯ ಪ್ರಶ್ನೆಯೂ ಹೌದು. ಧೂಳು ನಾರುಗಳಿಲ್ಲದ, ಗಾಳಿಯಾಡುವ ಸ್ಥಳದಲ್ಲಿ ಜಾಲರಿಯೊಳಗೆ ಅದನ್ನು ಇರಿಸಬೇಕು. ಬಕೆಟ್ ಎಲಿವೇಟರಿಗೆ ರೆಸಿಸ್ಟರ್ ಸಾಮಾನ್ಯವಾಗಿ ಬೇಡ. ವಿದ್ಯುತ್ ಹೋದಾಗ ಬೆಲ್ಟ್ ಹಿಂದಕ್ಕೆ ಉರುಳದಂತೆ ತಡೆಯುವ ಸಾಧನ ಬೇಕು.

ಸುರಕ್ಷತೆ ಮತ್ತು ಶಾಸನ

ವಿದ್ಯುತ್ ಮರಳಿದೊಡನೆ ತಾನಾಗಿ ಚಾಲೂ ಆಗುವ ಸೌಲಭ್ಯವನ್ನು ಲಿಫ್ಟಿನಲ್ಲಿ ಮುಚ್ಚಿಡಬೇಕು. ಪರೀಕ್ಷೆಯ ವೇಳೆ ಬಾಗಿಲಿನ ಇಂಟರ್‌ಲಾಕಿಗೆ ತಾತ್ಕಾಲಿಕವಾಗಿ ಕಟ್ಟಿದ ತಂತಿಯನ್ನು ಮರೆತು ಬಿಡುವುದು ಅತ್ಯಂತ ಅಪಾಯಕರ. ಮುಖ್ಯ ಸ್ವಿಚ್ ತೆಗೆದ ಮೇಲೂ ಡ್ರೈವಿನ ಕೆಪಾಸಿಟರುಗಳಲ್ಲಿ ಕೆಲವು ನಿಮಿಷ ಪ್ರಾಣಾಂತಿಕ ವೋಲ್ಟೇಜ್ ಉಳಿದಿರುತ್ತದೆ. ರಾಜ್ಯದಲ್ಲಿ ಲಿಫ್ಟುಗಳಿಗೆ 2012ರ ಪ್ರತ್ಯೇಕ ಅಧಿನಿಯಮವಿದ್ದು, ಬದಲಾವಣೆಗೆ ಮುನ್ನ ವಿದ್ಯುತ್ ಪರಿವೀಕ್ಷಣಾಲಯವನ್ನು ವಿಚಾರಿಸುವುದು ಯುಕ್ತ. 1948ರ ಕಾರ್ಖಾನೆ ಕಾಯ್ದೆಯ 28ನೇ ಪ್ರಕರಣವು ಆರು ತಿಂಗಳಿಗೊಮ್ಮೆ ಅರ್ಹ ವ್ಯಕ್ತಿಯಿಂದ ಲಿಫ್ಟಿನ ತಪಾಸಣೆಯನ್ನು ವಿಧಿಸಿತ್ತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಸ್ಥಾನಕ್ಕೆ ಹೊಸ ಸಂಹಿತೆ ಬಂದಿದ್ದರೂ ಈ ಶಿಸ್ತನ್ನು ಕೈಬಿಡುವುದು ವಿವೇಕವಲ್ಲ.

ಲೆಕ್ಕಪತ್ರದಲ್ಲಿ

ಡ್ರೈವಿನ ಬೆಲೆಯೊಡನೆ ರೆಸಿಸ್ಟರ್, ಕೇಬಲ್, ಅಳವಡಿಕೆ ಹಾಗೂ ಹೊಂದಾಣಿಕೆಯ ವೆಚ್ಚಗಳೂ ಸೇರಿ ಆಸ್ತಿಯ ಮೌಲ್ಯವಾಗುತ್ತದೆ. ಸುಟ್ಟ ಡ್ರೈವನ್ನು ಅಂಥದೇ ಡ್ರೈವಿನಿಂದ ಬದಲಿಸಿದರೆ ದುರಸ್ತಿಯೆಂದು ವಾದಿಸಲು ಅವಕಾಶವಿದೆ. ಹಳೆಯ ಪದ್ಧತಿಯ ಲಿಫ್ಟಿಗೆ ಹೊಸದಾಗಿ ಡ್ರೈವ್ ಹಾಕಿದರೆ ಅದು ಬಂಡವಾಳ ವೆಚ್ಚ. ಜಿ.ಎಸ್.ಟಿ. ಮೊತ್ತದ ಮೇಲೆ ಸವಕಳಿ ಪಡೆದಲ್ಲಿ ಅದೇ ಮೊತ್ತಕ್ಕೆ ಹೂಡುವಳಿ ತೆರಿಗೆ ಜಮೆ ದೊರೆಯದು. ಲಿಫ್ಟು ಕಟ್ಟಡದ ಅಂಗವೆಂಬ ಕಾರಣಕ್ಕೆ ಜಮೆಯನ್ನು ನಿರಾಕರಿಸಿದ ಮುಂಗಡ ತೀರ್ಪುಗಳೂ ಇವೆ. ಅವು ಆಯಾ ಅರ್ಜಿದಾರರ ಪ್ರಕರಣಗಳಿಗೆ ಮಾತ್ರ ಅನ್ವಯಿಸುವುವಾದರೂ, ಮುಂಚಿತವಾಗಿ ಸಲಹೆ ಪಡೆಯುವುದು ಲೇಸು.

ಕೊನೆಯದಾಗಿ, ಖರೀದಿ ಆದೇಶದಲ್ಲಿಯೇ ಒಂದು ಷರತ್ತನ್ನು ಸೇರಿಸಬೇಕು: ಪೂರ್ಣಭಾರದ ಪರೀಕ್ಷೆ ಮುಗಿದು, ಎಲ್ಲ ಪ್ಯಾರಾಮೀಟರುಗಳ ಸಹಿ ಮಾಡಿದ ಪಟ್ಟಿ ಕೈಸೇರಿದ ಮೇಲೆಯೇ ಅಂತಿಮ ಕಂತಿನ ಪಾವತಿ. ಡ್ರೈವ್ ಕೆಟ್ಟರೆ ಹೊಸದು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಆ ಲಿಫ್ಟಿಗೆ, ಆ ಮೋಟಾರಿಗೆ ಹೊಂದುವ ಅಂಕಿಗಳು ಹಳೆಯ ಡ್ರೈವಿನೊಡನೆಯೇ ಹೋಗಿಬಿಡುತ್ತವೆ. ತಂತ್ರಜ್ಞನು ಹುಬ್ಬಳ್ಳಿಯಿಂದಲೋ ದಾವಣಗೆರೆಯಿಂದಲೋ ಬರುವವರೆಗೆ ಸುಗ್ಗಿಯ ಕಾಲದಲ್ಲಿ ಗೋದಾಮು ಕಾಯಬೇಕಾಗುತ್ತದೆ. ಪಟ್ಟಿಯ ಒಂದು ಪ್ರತಿ ನಿಯಂತ್ರಣ ಫಲಕದೊಳಗೂ ಇನ್ನೊಂದು ಸ್ಥಿರಾಸ್ತಿ ವಹಿಯೊಡನೆಯೂ ಇರಲಿ.